ಎಂಟನೆಯ ಗಾಡಿಯ ಸದ್ದು

ಅಧ್ಯಕ್ಷೆ ಆರ್ಲೀನ್ ಸ್ಟಾಬರ್ಗ್ ಅವರೇ, ಮುಖ್ಯ ಅತಿಥಿಗಳಾದ ದನದ ಡಾಕ್ಟರ್ ಹಟ್ಟನ್ ಅವರೇ, ಫೋರ್ಡ್ ಗಾಡಿಯವರ ಮೇಜಿನ ಬಂಧುಗಳೇ, ಷೆವಿ ಮೇಜಿನ ಮಿತ್ರರೇ, ಎರಡನೆಯ ಸಲ ಬಡಿಸಿಕೊಳ್ಳಲು ಅನುಕೂಲವಾಗಲೆಂದು ಅಡುಗೆಮನೆ ಬಾಗಿಲಲ್ಲೇ ಕುಳಿತಿರುವ ಡಾಡ್ಜ್ ಮೇಜಿನವರೇ, ನೆರೆದಿರುವ ಎಲ್ಲ ಸಭಿಕರೇ,

ನನಗೆ ಮಾತು ಬರುವುದಿಲ್ಲ. ನನ್ನ ಐವತ್ತೊಂದು ವರ್ಷದಲ್ಲಿ ಮೈಕಿನ ಮುಂದೆ ಇದೇ ಮೊದಲು. ಓಡಿಹೋಗೋಣವೆಂದರೆ ಗಾಡಿಯ ಕೀ ಬಾಗಿಲ ಬಳಿಯ ಬಕೆಟ್ಟಿನಲ್ಲಿದೆ. ಭಾಷಣ ಮುಗಿಯುವ ಮುಂಚೆ ಯಾರೂ ಜಾರಿಕೊಳ್ಳಬಾರದೆಂದು ಎಲ್ಲರ ಕೀಗಳನ್ನೂ ಬಕೆಟ್ಟಿಗೆ ಹಾಕಿಸುವ ಪದ್ಧತಿಯನ್ನು ನಮ್ಮ ಡೀಸೆಲ್ ಪಿಕಪ್ ಬಳಗಕ್ಕೆ ತಂದವನು ನನ್ನ ಅಣ್ಣ ಮರ್ಲ್. ಇವತ್ತು ಅದು ನನಗೇ ತಿರುಗಿದೆ.

ಊಟ ಚೆನ್ನಾಗಿತ್ತು. ಖಾರದ ಮಾಂಸದ ಚಿಲಿಯ ಜೊತೆ ದಾಲ್ಚಿನ್ನಿಯ ಸಿಹಿ ರೋಲ್ ಸಿಗುತ್ತಿರುವ ತನಕ ಈ ಕೌಂಟಿಯಲ್ಲಿ ಯಾರೂ ಯಾರ ಮೇಲೂ ಸಿಟ್ಟಾಗಿರಲಾರರು.

ನನ್ನನ್ನು ಸನ್ಮಾನಿಸುತ್ತಿರುವುದು ಯಾವ ಸಾಧನೆಗೆ? ಕಿವಿಗೆ. ಆಗಸ್ಟಿನ ಜಾತ್ರೆಯಲ್ಲಿ ದನದ ಕೊಟ್ಟಿಗೆಯ ಹಿಂದೆ ಕಣ್ಣಿಗೆ ಬಟ್ಟೆ ಕಟ್ಟಿ ನಿಲ್ಲಿಸುತ್ತೀರಿ. ಆಚೆ ಒಂದೊಂದೇ ಪಿಕಪ್ ಚಾಲೂ ಮಾಡುತ್ತೀರಿ. ಯಾವ ಕಂಪನಿ, ಯಾರ ಗಾಡಿ ಎಂದು ಹೇಳಬೇಕು. ಆರು ವರ್ಷದಿಂದ ನಾನು ತಪ್ಪಿಲ್ಲ. ಡಾಡ್ಜಿನದು ಸಾಲಾಗಿ ನಿಂತ ಆರು ಸಿಲಿಂಡರ್. ತಗಡಿನ ಡಬ್ಬಿಗೆ ಗುಂಡುಕಲ್ಲು ಹಾಕಿ ನಿಧಾನವಾಗಿ ಕುಲುಕಿದ ಹಾಗೆ. ಷೆವಿಯದು ಮುಚ್ಚಿದ ಕೋಣೆಯಲ್ಲಿ ಯಾರೋ ಮಾತಾಡಿಕೊಂಡ ಹಾಗೆ. ನಮ್ಮ ಫೋರ್ಡಿನದು ಏನು ಹೇಳಲಿ, ಅದು ಸಂಗೀತ. ನಗಬೇಡಿ, ಡಾಡ್ಜ್ ಮೇಜಿನವರೇ.

ಈ ಕಿವಿ ನನಗೊಬ್ಬನಿಗೇ ಬಂದದ್ದಲ್ಲ. ಮರ್ಲ್‌ಗೂ ಇತ್ತು. ಅವನು ಸ್ಪರ್ಧೆಗೆ ನಿಲ್ಲುತ್ತಿರಲಿಲ್ಲ, ಅಷ್ಟೆ. ನಾನು ಅವನ ಮನೆಗೆ ಹೋಗಿ ಇಳಿಯುವಷ್ಟರಲ್ಲಿ ಕಾಫಿ ಬಿಸಿಯಾಗಿರುತ್ತಿತ್ತು. "ನಿನ್ನ ಫೋರ್ಡ್ ಅರ್ಧ ಮೈಲಿ ದೂರದಿಂದ್ಲೇ ಕೇಳುತ್ತೆ ಕಣೋ ತಮ್ಮಾ. ನೀನು ಗೇಟು ತೆಗ್ಯೋದ್ರೊಳ್ಗೆ ಕಾಫಿ ಕುದೀತದೆ" ಅನ್ನುತ್ತಿದ್ದ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಒಂದೇ ಮನೆಯಲ್ಲಿ ಹುಟ್ಟಿದವರು ನಾವು. ಅವನು ಡಾಡ್ಜ್, ನಾನು ಫೋರ್ಡ್. ಏಕೆ ಎಂದು ಕೇಳಿದರೆ ಯಾರು ಹೇಳಬಲ್ಲರು? ಅಣ್ಣ ಡಾಡ್ಜ್ ಕೊಂಡ, ಅದಕ್ಕೇ ನಾನು ಫೋರ್ಡ್ ಕೊಂಡೆ ಎಂದರೆ ಸತ್ಯಕ್ಕೆ ಹತ್ತಿರ. ಎಷ್ಟು ಭಾರ ಎಳೆಯುತ್ತದೆ, ಎಷ್ಟು ಡೀಸೆಲ್ ಕುಡಿಯುತ್ತದೆ ಎಂಬ ಲೆಕ್ಕವೆಲ್ಲ ಆಮೇಲೆ ನಾವು ಜೋಡಿಸಿಕೊಂಡದ್ದು.

ಹಿಮದಲ್ಲಿ ಸಿಕ್ಕಿಬಿದ್ದವನನ್ನು ಬೇರೆ ಕಂಪನಿಯ ಗಾಡಿ ಎಳೆದು ತಂದರೆ, ಎಳೆಸಿಕೊಂಡವನು ವರ್ಷದ ಈ ಊಟದಲ್ಲಿ ಕುರ್ಚಿ ಹತ್ತಿ ಒಪ್ಪಿಕೊಳ್ಳಬೇಕು. ಅದು ಬಳಗದ ನಿಯಮ. ಎರಡು ವರ್ಷದ ಹಿಂದೆ ನಾನು ಹತ್ತಿದ್ದೆ, ನಿಮಗೆ ನೆನಪಿದೆ. "ನಾನು ಫೋರ್ಡಿನವನು, ನನ್ನನ್ನು ಎಳೆದು ತಂದದ್ದು ಡಾಡ್ಜ್" ಎಂದು ಮೂರು ಸಲ ಹೇಳಿಸಿದಿರಿ. ಸಾಲದೆಂದು ಮರ್ಲ್ ಕೈ ಕಿವಿಗಿಟ್ಟು, "ಕೇಳಿಸ್ಲಿಲ್ಲ ತಮ್ಮಾ, ಇನ್ನೊಂದ್ಸಲ ಹೇಳು" ಅಂದ. ನಾನೂ ನಕ್ಕೆ. ಆದರೆ ಆ ದಿನವೇ ಮನಸ್ಸಿನಲ್ಲಿ ಒಂದು ಮಾತು ಇಟ್ಟುಕೊಂಡೆ. ಇವನೂ ಒಂದು ದಿನ ಈ ಕುರ್ಚಿ ಹತ್ತಬೇಕು.

ಹೋದ ವರ್ಷ ಜನವರಿಯಲ್ಲಿ ಅವನು ಹೋದದ್ದು ನಿಮಗೆಲ್ಲ ಗೊತ್ತು. ಶವಪೆಟ್ಟಿಗೆ ಹೊತ್ತವರಲ್ಲಿ ಮೂರೂ ಮೇಜಿನವರಿದ್ದಿರಿ. ಅವನ ದನಗಳಿಗೆ ಅಂದಿನಿಂದ ನಾನೇ ಹುಲ್ಲು ಹಾಕುತ್ತಿದ್ದೇನೆ. ಮೊದಮೊದಲು ಅವು ನನ್ನ ಫೋರ್ಡ್ ಸದ್ದಿಗೆ ಹತ್ತಿರವೇ ಬರಲಿಲ್ಲ. ದನಗಳಿಗೂ ಕಂಪನಿ ಇದೆ. ಆಮೇಲೆ ಹೊಂದಿಕೊಂಡವು. ಆದರೆ ಕೆಲವು ದಿನ ಬೆಳಗ್ಗೆ, ಹುಲ್ಲು ಬಿಚ್ಚಿ ಹಾಕುತ್ತಿರುವಾಗಲೇ, ನೂರ ನಲವತ್ತು ದನವೂ ಒಟ್ಟಿಗೆ ತಲೆ ಎತ್ತುತ್ತವೆ. ಬಾಯಲ್ಲಿದ್ದ ಹುಲ್ಲು ಬಾಯಲ್ಲೇ. ಎಲ್ಲವೂ ನಡೆದು ಹೋಗಿ ದಕ್ಷಿಣದ ಬೇಲಿಗೆ ಎದೆ ತಾಗಿಸಿ, ರಸ್ತೆಯ ಕಡೆ ಮುಖ ಮಾಡಿ ನಿಲ್ಲುತ್ತವೆ. ರಸ್ತೆಯಲ್ಲಿ ಏನೂ ಇರುವುದಿಲ್ಲ. ನಾನು ನನ್ನ ಎಂಜಿನ್ ಆರಿಸುತ್ತೇನೆ. ಆರಿಸಿದ ಮೇಲೂ ಒಂದು ಎಂಜಿನ್ ಓಡುತ್ತಿರುತ್ತದೆ.

ಗಾಳಿ ಇರಬಹುದು. ನಾನೂ ಹಾಗೇ ಅಂದುಕೊಂಡಿದ್ದೆ.

ಹೋದ ಆಗಸ್ಟಿನ ಸ್ಪರ್ಧೆಯಲ್ಲಿ ನಾನು ಎಂಟು ಗಾಡಿಗಳ ಹೆಸರು ಹೇಳಿದೆ. ಎಂಟನೆಯದು ಮರ್ಲ್‌ನ ಡಾಡ್ಜ್ ಎಂದೆ. ಬಟ್ಟೆ ಬಿಚ್ಚಿದಾಗ ನೀವೆಲ್ಲ ಎದ್ದು ನಿಂತಿದ್ದಿರಿ. ಕೆಲವರು ಕಣ್ಣು ಒರೆಸಿಕೊಳ್ಳುತ್ತಿದ್ದಿರಿ. ತೀರಿಹೋದ ಅಣ್ಣನನ್ನು ತಮ್ಮ ನೆನೆದ ರೀತಿ ಎಂದು ಆರ್ಲೀನ್ ಅವರು ಪತ್ರಿಕೆಗೆ ಬರೆದರು. ಈ ಫಲಕದ ಮೇಲೂ ಅದೇ ಇದೆ. ಇಟ್ಟಿದ್ದ ಗಾಡಿಗಳು ಏಳೇ ಎಂದು ನನಗೆ ತಿಳಿದದ್ದು ಆಮೇಲೆ. ಮರ್ಲ್‌ನ ಗಾಡಿ ಲವಾನ್ ಅತ್ತಿಗೆಯ ಕೊಟ್ಟಿಗೆಯಲ್ಲಿ ತಾಡಪಾಲಿನ ಕೆಳಗಿದೆ. ಬ್ಯಾಟರಿ ಕಳಚಿದವನು ನಾನೇ.

ನಾನು ಅಣ್ಣನನ್ನು ನೆನೆಯಲಿಲ್ಲ, ಸಭಿಕರೇ. ನನಗೆ ಕೇಳಿಸಿದ್ದನ್ನು ಹೇಳಿದೆ.

ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಚೀಟಿಯಲ್ಲಿ ಇರುವುದು ವಂದನೆಗಳು ಮಾತ್ರ. ಅತ್ತಿಗೆ ಮೊದಲ ಸಾಲಿನಲ್ಲಿ ಕುಳಿತಿದ್ದಾರೆ. ಮಣ್ಣು ಮಾಡಿದ ದಿನ ಅವರು ನನ್ನನ್ನು ಎರಡು ಪ್ರಶ್ನೆ ಕೇಳಿದ್ದರು. "ನೀನೂ ಅದೇ ಹೊತ್ತಿಗೆ ಅದೇ ರಸ್ತೇಲಿ ಬಂದಿಯಲ್ಲ, ನಿಂಗೇನೂ ಕೇಳಿಸ್ಲಿಲ್ವಾ?" ಗಾಳಿ ಜೋರಾಗಿತ್ತು ಅಂದೆ. ಷೆರಿಫ್‌ಗೂ ಅದನ್ನೇ ಹೇಳಿದೆ. ಎರಡನೆಯ ಪ್ರಶ್ನೆ: "ಅರ್ಧ ಟ್ಯಾಂಕ್ ಡೀಸೆಲ್ ಇತ್ತು, ಹೀಟರ್ ಓಡ್ತಿತ್ತು. ಬೆಚ್ಚಗಿರೋ ಗಾಡಿ ಬಿಟ್ಟು ಅವ್ರು ಯಾಕೆ ಇಳಿದ್ರು?" ಆ ಪ್ರಶ್ನೆಯನ್ನು ನೀವೆಲ್ಲ ಒಂದು ವರ್ಷದಿಂದ ಕೇಳಿಕೊಂಡಿದ್ದೀರಿ. ಉತ್ತರ ನನ್ನ ಹತ್ತಿರ ಇತ್ತು.

ಜನವರಿಯ ಆ ದಿನ, ಮಧ್ಯಾಹ್ನ ಮೂರು ಗಂಟೆ. ಹಾರುವ ಹಿಮದಲ್ಲಿ ನನ್ನ ಗಾಡಿಯ ಮೂತಿಯೇ ನನಗೆ ಕಾಣುತ್ತಿರಲಿಲ್ಲ. ಹಳ್ಳದ ತಿರುವಿನಲ್ಲಿ ಒಂದು ಎಂಜಿನ್ ಕೇಳಿಸಿತು. ವೇಗ ಇಳಿಸಿದೆ. ಕಿಟಕಿ ಗಾಜು ಇಳಿಸಿದೆ. ಸಾಲಾಗಿ ಆರು. ಮರ್ಲ್‌ನದು, ಅನುಮಾನವೇ ಇಲ್ಲ. ಚರಂಡಿಗೆ ಇಳಿದಿದ್ದಾನೆ ಎಂದು ಗೊತ್ತಾಯಿತು. ಎಂಜಿನ್ ಓಡುತ್ತಿದೆ ಎಂದರೆ ಒಳಗೆ ಮನುಷ್ಯ ಬೆಚ್ಚಗಿದ್ದಾನೆ, ಇದು ನಾವೆಲ್ಲ ಚಿಕ್ಕಂದಿನಿಂದ ನಂಬಿದ್ದಲ್ಲವೇ? ಚಳಿಗಾಲದಲ್ಲಿ ಚಾಲೂ ಇರುವ ಡೀಸೆಲ್ ಗಾಡಿಯ ಒಳಗೆ ನಮ್ಮಲ್ಲಿ ಯಾರು ಇಣುಕಿದ್ದೇವೆ? ಅವನೇ ಫೋನ್ ಮಾಡಲಿ, ಬಾಯಿಬಿಟ್ಟು ಕೇಳಲಿ, ಆಮೇಲೆ ಹೋಗಿ ಎಳೆಯುತ್ತೇನೆ ಅಂದುಕೊಂಡೆ. ಗಾಜು ಏರಿಸಿದೆ. ಮನೆಗೆ ಬಂದು ಸರಪಳಿಯನ್ನು ಬಾಗಿಲ ಬಳಿ ಇಟ್ಟುಕೊಂಡು ಫೋನಿಗೆ ಕಾದೆ. ಅವನು ಕುರ್ಚಿ ಹತ್ತುವುದನ್ನು ನೆನೆದು ಒಬ್ಬನೇ ನಕ್ಕೆ ಕೂಡ.

ಮಾರನೆಯ ಬೆಳಗ್ಗೆ ಅವನು ಸಿಕ್ಕಿದ. ಗಾಡಿಯಿಂದ ಹನ್ನೆರಡು ಹೆಜ್ಜೆ. ರಸ್ತೆಯ ಕಡೆ ಮುಖ. ಟೋಪಿ ಕೈಯಲ್ಲಿತ್ತು, ಬೀಸುವವರು ಹಿಡಿಯುವ ಹಾಗೆ.

ಅವನಿಗೂ ಕಿವಿ ಇತ್ತು ಎಂದೆನಲ್ಲ. ನನ್ನ ಫೋರ್ಡ್ ನಿಧಾನವಾದದ್ದು ಅವನಿಗೆ ಕೇಳಿಸಿತು. ತಮ್ಮ ಬಂದ, ನಿಲ್ಲಿಸುತ್ತಿದ್ದಾನೆ ಎಂದು ಇಳಿದ. ಆ ಬಿಳುಪಿನಲ್ಲಿ ತಿರುಗಿ ಗಾಡಿಗೆ ಹೋಗಲು ದಾರಿ ಎಲ್ಲಿ? ಅತ್ತಿಗೆ, ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಒಂದೇ. ಕೇಳಿಸಿತ್ತು. ಇಬ್ಬರಿಗೂ ಕೇಳಿಸಿತ್ತು.

ಕ್ಷಮಿಸಿ ಎಂದು ಕೇಳುವುದಿಲ್ಲ. ನೀವು ಎದ್ದು ಹೋದರೂ ನಾನು ಏನೂ ಅಂದುಕೊಳ್ಳುವುದಿಲ್ಲ. ಬಳಗಕ್ಕೆ ಒಂದು ಮನವಿ ಮಾತ್ರ. ಹಿಮದಲ್ಲಿ ಓಡುತ್ತಿರುವ ಎಂಜಿನ್ ಕೇಳಿಸಿದರೆ, ಯಾವ ಕಂಪನಿಯದಾಗಲಿ, ಇಳಿದು ಬಾಗಿಲು ತೆಗೆದು ನೋಡಿ. ಕುರ್ಚಿಯ ನಿಯಮ ಇವತ್ತಿಗೆ ಸಾಕು ಮಾಡಿ.

ಇನ್ನೂ ಒಂದು ಮಾತು. ಎಲ್ಲರ ಕೀಗಳೂ ಬಕೆಟ್ಟಿನಲ್ಲಿವೆ ತಾನೆ, ಆರ್ಲೀನ್? ದಯವಿಟ್ಟು ಎಣಿಸಬೇಡಿ, ಇವೆ ಎಂದು ನನಗೆ ಗೊತ್ತು. ಹಾಗಾದರೆ ಹೊರಗೆ ಅಂಗಳದಲ್ಲಿ, ನಾನು ಮಾತು ಶುರು ಮಾಡಿದಾಗಿನಿಂದ ಓಡುತ್ತಿರುವುದು ಯಾರ ಗಾಡಿ? ಡಾಡ್ಜ್ ಮೇಜಿನವರೇ, ನೀವು ನಗು ನಿಲ್ಲಿಸಿ ಬಹಳ ಹೊತ್ತಾಯಿತು. ಡಾಕ್ಟರೇ, ನೀವೂ ಕಿಟಕಿಯ ಕಡೆ ತಿರುಗಿದ್ದೀರಿ. ನಿಮಗೂ ಕೇಳಿಸುತ್ತಿದೆಯೆಂದು ಕಾಣುತ್ತದೆ.

ಯಾರೂ ಏಳಬೇಡಿ. ಇದು ನನ್ನ ಕೆಲಸ. ಫಲಕ ಮೇಜಿನ ಮೇಲಿರಲಿ. ಕರೆದು ಕೂರಿಸಿ ಬಡಿಸಿದ ಬಳಗಕ್ಕೂ ಇಷ್ಟು ಹೊತ್ತು ಕೇಳಿದ ನಿಮಗೂ ಋಣಿ. ಈ ಸಲ ನಾನು ಬಾಗಿಲು ತೆಗೆದು ನೋಡುತ್ತೇನೆ.

ನಮಸ್ಕಾರ.