ಫಳ್ನೀರಿನ ಬಾಕ್ಸ್

ಹಲೋ… ಹಾಂ, ಹಲೋ, ಯಾರು ಮಾತಾಡುವುದು?… ಕೇಬಲ್ ಆಫೀಸಾ? ಅಬ್ಬಾ, ಅಂತೂ ಬಂತಲ್ಲ ನಿಮ್ಮ ಫೋನು! ಬೆಳಗ್ಗಿನಿಂದ ನಾಲ್ಕು ಸಲ ಮಾಡಿದೆ, ಒಬ್ಬರೂ ಎತ್ತಲಿಲ್ಲ, ಮಷೀನಿನಲ್ಲೇ ದೂರು ಒತ್ತಿ ಇಟ್ಟೆ. ಈಗ ಬಂಗುಡೆ ಮೀನಿಗೆ ಕೈ ಹಾಕಿದೆನೋ ಇಲ್ಲವೋ, ನಿಮ್ಮದು ಬಂತು. ಒಂದು ನಿಮಿಷ ನಿಲ್ಲಿ, ಕೈ ತೊಳೆದು ಬರ್ತೇನೆ…

…ಹಾಂ, ಈಗ ಹೇಳಿ. ನಿಮ್ಮ ಹೆಸರೆಂತ?… ಗ್ಲೆನಿಟಾ. ಹೊಸಬರಾ?… ಅದೇ, ಸ್ವರ ಹೊಸದಾಗಿ ಕೇಳ್ತದೆ ಅಂದ್ಕೊಂಡೆ. ನಾನು ಜೆಪ್ಪುವಿನಿಂದ, ಶಶಿಪ್ರಭಾ ಅಂತ. ಟಿವಿ ಬೆಳಗ್ಗಿನಿಂದ ಬರ್ತಾ ಇಲ್ಲ ಮಾರಾಯ್ತಿ. ನೀಲಿ ಪರದೆ, ಅದರ ಮೇಲೆ ಎಂತದೋ ಇಂಗ್ಲಿಷಿನಲ್ಲಿ ಬರೆದು ಬಿಟ್ಟಿದ್ದೀರಿ. ನಮ್ಮ ಅಮ್ಮನಿಗೆ ಎಂಬತ್ತನಾಲ್ಕು, ಸೊಂಟ ಬಿದ್ದ ಮೇಲೆ ಕುರ್ಚಿ ಬಿಟ್ಟು ಏಳುವುದಿಲ್ಲ. ಅವರಿಗೆ ಇರುವುದೇ ಆ ಟಿವಿ. ಬೆಳಗ್ಗಿನಿಂದ ನೀಲಿ ಪರದೆಯನ್ನೇ ನೋಡ್ತಾ ಕೂತಿದ್ದಾರೆ…

…ಇಲ್ಲ, ಬಂದ್ ಮಾಡಿ ಪುನಃ ಹಾಕಿಯೂ ಆಯ್ತು, ಕಾರ್ಡ್ ತೆಗೆದು ಒರೆಸಿಯೂ ಆಯ್ತು. ಅದಕ್ಕೇ ಈಗ ನಾನು ರಿಪೇರಿ ಕೇಳುವುದಲ್ಲ. ನಮಗೆ ಈ ಬಾಡಿಗೆಯ ಸೆಟ್ ಟಾಪ್ ಬಾಕ್ಸೇ ಬೇಡ. ನಮ್ಮದೇ ಒಂದು ತೆಗೆದುಕೊಳ್ತೇವೆ. ಅದು ಆಗ್ತದಲ್ವಾ?…

…ಆಗ್ತದಾ? ಹಾಗಾದ್ರೆ ಇಷ್ಟು ವರ್ಷ ಯಾಕೆ ಯಾರೂ ಹೇಳಲಿಲ್ಲ? ಕೇಳಿದ್ರೆ ಮಾತ್ರ ಹೇಳುವುದಾ ನೀವು? ಎಂಟು ವರ್ಷ ಬಾಡಿಗೆ ಕಟ್ಟಿ ಆಯ್ತು, ಇನ್ನೂ ಅದು ನಮ್ಮದಲ್ಲ ಅಂದ್ರೆ! ಅಮ್ಮ ದಿನಾ ಹೇಳುವುದು ಅದನ್ನೇ. ಇದು ಅವರಿಗೆ ಅವರ ತಾಯಿಯಿಂದ ಬಂದ ಮನೆ ನೋಡಿ, ಬಾಡಿಗೆಯ ವಸ್ತು ಒಳಗೆ ಇಟ್ಟದ್ದೇ ಅವರಿಗೆ ಒಂದು ಅವಮಾನ…

…ಏನಮ್ಮಾ?… ಹಾಂ, ಕೇಬಲಿನವರೇ. ಮಾತಾಡ್ತಾ ಇದ್ದೇನೆ… ಪೃಥ್ವಿಗೆ ಯಾಕೆ ಫೋನ್ ಮಾಡುವುದು? ಟಿವಿಗೂ ನಿಮ್ಮ ಮಗನನ್ನು ಕರೆಯಬೇಕಾ?… ಆಯ್ತು, ಆಯ್ತು, ಇವರಿಂದ ಆಗದಿದ್ರೆ ಮಾಡುವಾ…

…ಹಾಂ, ಗ್ಲೆನಿಟಾ, ಹೇಳಿ. ಹೆಸರಾ? ಕನೆಕ್ಷನ್ ನಮ್ಮ ಯಜಮಾನರ ಹೆಸರಿನಲ್ಲಿ ಉಂಟು. ಮೋಹನದಾಸ ಶೆಟ್ಟಿ. ನಂಬರೂ ಅವರದ್ದೇ… ಇಲ್ಲ, ಅವರು ಮನೆಯಲ್ಲಿಲ್ಲ, ಕೊಡಿಯಾಲ್‌ಬೈಲಿನಲ್ಲಿ ನನ್ನ ತಮ್ಮ ಪೃಥ್ವಿಯ ಹೋಟೆಲು ಉಂಟು, ಹದಿನೆಂಟು ವರ್ಷದಿಂದ ಇವರೇ ನೋಡಿಕೊಳ್ಳುವುದು. ಒಂಬತ್ತಕ್ಕೆ ಹೋದ್ರೆ ಬರುವಾಗ ಏಳು…

…ಹಾಂ. ಕಟ್ಟಿದ್ದಾರಾ? ಮೂರನೇ ತಾರೀಕಿಗೇ? ಮತ್ತೆ ಯಾಕೆ ಕಟ್ ಆದದ್ದು?…

…ಯಾವ ಬಾಕ್ಸ್ ಅಂದ್ರೆ? ಒಂದೇ ಬಾಕ್ಸ್ ಅಲ್ವಾ ಇರುವುದು, ಅಮ್ಮನ ಕೋಣೆಯದ್ದು…

…ಎರಡಾ?…

…ಫಳ್ನೀರಿನಲ್ಲಾ? ಇಲ್ಲಪ್ಪ, ಫಳ್ನೀರಿನಲ್ಲಿ ನಮಗೆ ಯಾರೂ ಇಲ್ಲ. ಅದು ಬೇರೆ ಮೋಹನದಾಸ ಇರಬೇಕು. ಈ ಊರಿನಲ್ಲಿ ಮೋಹನದಾಸ ಶೆಟ್ಟಿಗಳಿಗೆ ಬರಗಾಲವಾ? ನೀವು ಹೊಸಬರು, ಕಂಪ್ಯೂಟರಿನಲ್ಲಿ ಎಂತದೋ ತಪ್ಪಿ ಒತ್ತಿದ್ದೀರಿ. ಇನ್ನೊಮ್ಮೆ ಸರಿಯಾಗಿ ನೋಡಿ…

…ಹಾಂ. ಹೇಳಿ, ನಂಬರ್ ಹೇಳಿ… ಒಂಬತ್ತು ನಾಲ್ಕು ನಾಲ್ಕು… ಹಾಂ… ಕೊನೆಗೆ ಎರಡು ಏಳು… ಹೌದು. ಅದು ಇವರದ್ದೇ ನಂಬರು.

…

…ಅದು ಯಾವಾಗ ಹಾಕಿಸಿದ್ದು? ಆ ಫಳ್ನೀರಿನದ್ದು?… ಅಕ್ಟೋಬರಿನಲ್ಲಿ. ಹೋದ ನವರಾತ್ರಿಗೆ. ಹಾಂ… ಮನೆಯಾ ಅದು? ಫ್ಲಾಟಾ?… ನಿಮಗೆ ಗೊತ್ತಿರಲಿಕ್ಕಿಲ್ಲ, ಬರೇ ವಿಳಾಸ ಇರುವುದು. ಆಸ್ಪತ್ರೆಯ ಹಿಂದೆ, ಮೇಲಿನ ಮಾಳಿಗೆ. ಹಾಂ…

…ಎಂತ ಹೇಳಿದ್ರಿ? ಇನ್ನೊಮ್ಮೆ ಹೇಳಿ. ಅವರು ಆಫೀಸಿಗೇ ಬಂದಿದ್ರಾ?… ಬಂದು, ಈ ತಿಂಗಳು ಜೆಪ್ಪುವಿನದ್ದಕ್ಕೆ ಮಾತ್ರ ಕಟ್ತೇನೆ, ಇನ್ನೊಂದು ಕಟ್ ಆದ್ರೂ ಪರವಾಗಿಲ್ಲ ಅಂದ್ರು. ನೀವು ತಪ್ಪಿ ಆ ಇನ್ನೊಂದಕ್ಕೆ ಹಾಕಿಬಿಟ್ರಿ. ಅದಕ್ಕೆ ನಮ್ಮದು ಹೋಯ್ತು…

…ಇಲ್ಲ, ಇಲ್ಲ, ಬೇಜಾರೆಂತ ಇಲ್ಲ. ತಪ್ಪು ಯಾರಿಂದಲೂ ಆಗ್ತದೆ. ಸಾರಿ ಎಲ್ಲ ಹೇಳಬೇಡಿ… ಈಗ ಬದಲಿಸುವುದಾ? ನಿಲ್ಲಿ, ಈಗಲೇ ಎಂತದೂ ಮಾಡಬೇಡಿ. ಅಲ್ಲಿಗೆ ಬಾಕ್ಸ್ ಹಾಕಲಿಕ್ಕೆ ಹೋದದ್ದು ಯಾರು?… ಬೋಜಣ್ಣನಾ? ನಮ್ಮ ಬೋಜಣ್ಣನೇ ಅಲ್ವಾ, ಏಣಿ ಹೊತ್ತುಕೊಂಡು ಸ್ಕೂಟರಿನಲ್ಲಿ ಬರುವವರು? ಈಗ ಉಂಟಾ ಅವರು ಅಲ್ಲಿ?… ಚಾ ಕುಡೀತಾ ಇದ್ರೆ ಕುಡಿಯಲಿ, ಆದ ಮೇಲೆ ಒಮ್ಮೆ ಕೊಡಿ ಅವರಿಗೆ. ನಾನು ಕಾಯ್ತೇನೆ…

…ಅಲ್ಲಮ್ಮ, ಸರಿ ಆಗಲಿಲ್ಲ ಇನ್ನೂ. ಸ್ವಲ್ಪ ಕಾಯಿರಿ… ನನ್ನ ಮುಖಕ್ಕೆ ಎಂತ ಆಗಿದೆ? ಬೆಕ್ಕು ಮೀನಿಗೆ ಬಂತಾ ಅಂತ ನೋಡಿದ್ದು, ಅಷ್ಟೆ…

…ಹಾಂ, ಬೋಜಣ್ಣ! ನಾನು ಶಶಿ, ಜೆಪ್ಪುವಿನಿಂದ. ಸೌಖ್ಯವಾ?… ಅಮ್ಮ ಇದ್ದಾರೆ ಹಾಗೇ. ಟಿವಿ ಇಲ್ಲ ಅಂತ ನಿಮಗೇ ಬೈತಾ ಇದ್ದಾರೆ, ಬೋಜ ಬಂದ್ರೆ ಏಣಿ ಕಿತ್ತುಕೊಳ್ತೇನೆ ಅಂತ… ಹಾಂ… ಬೋಜಣ್ಣ, ಮತ್ತೆ… ಆ ಫಳ್ನೀರಿನ ರೂಮು. ಅಲ್ಲಿ ಬಾಕ್ಸ್ ಹಾಕಿದ್ದು ನೀವೇ ಅಂತೆ ಅಲ್ವಾ?…

…ಮುಚ್ಚಿಡುವುದು ಬೇಡ, ನನಗೆ ಗೊತ್ತುಂಟು ಮಾರಾಯ್ರೆ. ಅವರೇ ಹೇಳಿದ್ದಾರೆ ನನಗೆ. ನನಗೆ ಹೇಳದೆ ಮಾಡುವ ಜನವಾ ಅವರು?… ಹಾಂ, ಹಾಗೆ. ಬೇರೆಯವರಿಗೆ ಹೇಳಬೇಡ ಅಂದಿದ್ದಾರೆ, ಸರಿ. ನಾನು ಬೇರೆಯವಳಲ್ಲವಲ್ಲ…

…ನೀವು ಹೋದಾಗ ಬಾಗಿಲು ತೆಗೆದದ್ದು ಯಾರು?… ಅವರೇ. ಮತ್ತೆ ಒಳಗೆ?… ಒಳಗೆ ಯಾರೂ ಇಲ್ಲ. ಒಬ್ಬರೇ… ಯಾವಾಗ ಹೋದ್ರೂ?… ಹಾಂ. ಯಾವಾಗ ಹೋದ್ರೂ ಒಬ್ಬರೇ.

…

…ಮತ್ತೆ ಎಂತ ಉಂಟು ಅಲ್ಲಿ?… ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಚಾಪೆ. ಅಡಿಗೆ ಸಾಮಾನು ಎಲ್ಲ ಇಲ್ವಾ?… ಇಲ್ಲ. ಹಾಂ, ಅದು ಹೌದು, ಬುತ್ತಿ ನಾನೇ ಕಟ್ಟಿಕೊಡುವುದಲ್ವಾ. ಮೂರು ತಟ್ಟೆಯದ್ದು. ಹಸಿರು ಬೈರಾಸು ಟವೆಲಿನಲ್ಲಿ ಸುತ್ತಿ… ಹೌದು, ಅದೇ…

…ನಿಮಗೂ ಕೊಟ್ರಾ? ಎಂತ ಕೊಟ್ರು?… ಪತ್ರೊಡೆ! ಹೋ, ಆ ದಿನ! ಅದು ನಾನು ಹದಿನಾರು ತುಂಡು ಇಟ್ಟದ್ದು. ಸಂಜೆ ಬಂದು ಹೇಳಿದ್ರು, ಹೋಟೆಲಿನವರೆಲ್ಲ ಹಂಚಿ ತಿಂದ್ರು, ಅಡಿಗೆ ಭಟ್ಟರು ಬೆರಳು ಚೀಪಿದ್ರು ಅಂತ. ಅಮ್ಮ ನಕ್ಕದ್ದೇ ನಕ್ಕದ್ದು, ಹೋಟೆಲಿಗೆ ಮನೆಯಿಂದ ತಿಂಡಿ ತೆಗೆದುಕೊಂಡು ಹೋಗುವ ಮ್ಯಾನೇಜರನ್ನು ಇಲ್ಲೇ ನೋಡಿದ್ದು ಅಂತ… ಅಲ್ಲ, ನೀವು ತಿಂದದ್ದು ಒಳ್ಳೆಯದಾಯ್ತು. ಹುಳಿ ಸರಿ ಇತ್ತಾ?…

…ಹಾಂ?… ಎಂತ ಹೇಳಿದ್ರಿ, ಹೋಟೆಲು ಬಿಟ್ಟ ಮೇಲೆ… ಹೌದು. ಹೌದು, ಬಿಟ್ಟ ಮೇಲೆ. ಮನುಷ್ಯನಿಗೆ ಬೇಜಾರಾಗ್ತದಲ್ವಾ, ಹದಿನೆಂಟು ವರ್ಷ ಒಂದೇ ಕಡೆ ಕೂತವರಿಗೆ. ಎಷ್ಟು ಸಮಯ ಆಯ್ತು ಅದು?… ನವರಾತ್ರಿಗೇ. ನನಗೂ ಹಾಗೇ ನೆನಪು. ಡಾಕ್ಟರ್ ಹೋಟೆಲಿನ ಎಣ್ಣೆ ಬೇಡ ಅಂದಿದ್ದಾರೆ, ನಾಳೆಯಿಂದ ಬುತ್ತಿ ಕಟ್ಟು ಅಂತ ಇವರು ಹೇಳಿದ್ದು ನವರಾತ್ರಿಯ ಮರುದಿನ…

…ಈಗ ಕ್ಯಾಶಿನಲ್ಲಿ ಯಾರು ಕೂತ್ಕೊಳ್ಳುವುದು?… ರಿತೇಶಾ. ಪೃಥ್ವಿಯ ಮಗ. ಹಾಂ, ದೊಡ್ಡವನಾದ ಅಲ್ವಾ, ಕೂತ್ಕೊಳ್ಳಬೇಕಾದವನೇ… ಬೈಯುವುದು ಬೇಡ ಬೋಜಣ್ಣ, ಪೃಥ್ವಿ ನನ್ನ ಒಡಹುಟ್ಟಿದವನು. ಅದಕ್ಕೆ ಮೊನ್ನೆ ಅಮ್ಮನನ್ನು ನೋಡಲಿಕ್ಕೆ ಬಂದವನು ಹೊಸಿಲಲ್ಲೇ ನಿಂತ. ಬಾವ ಬರುವ ಹೊತ್ತಾಯ್ತು, ಇರು ಅಂದ್ರೆ ಚಾ ಅರ್ಧ ಬಿಟ್ಟು ಹೊರಟ… ಇಲ್ಲ, ನನಗೇ ಹೇಳಿಕೊಂಡದ್ದು…

…ಅವರು ಎಂತ ನೋಡುವುದು ಟಿವಿಯಲ್ಲಿ?… ಕ್ರಿಕೆಟ್. ಹಳೆಯ ಮ್ಯಾಚಾದ್ರೂ ನೋಡ್ತಾರೆ. ಇಲ್ಲಿ ಅಮ್ಮನ ಧಾರಾವಾಹಿ ಬಿಟ್ಟು ಇವರಿಗೆ ರಿಮೋಟ್ ಸಿಕ್ಕಿದ್ದೇ ಇಲ್ಲ. ಅಳಿಯ ಅಂದ್ರೆ ಊಟಕ್ಕೆ ಕರೆದಾಗ ಬಂದು ಕೂರುವವರು ಅಂತ ನಾವು… ಹಾಂ. ಸಂಜೆ ಆರೂವರೆಯವರೆಗೆ. ಅಂಗಿಗೆ ಮಡಿಕೆ ಬೀಳದ ಹಾಗೆ ಬನಿಯನಿನಲ್ಲಿ ಕೂತಿರ್ತಾರಾ? ಅಂಗಿ ಮೊಳೆಗೆ ಹಾಕಿ… ಅದಕ್ಕೇ. ದಿನಾ ಇಸ್ತ್ರಿ ಹಾಕಿಕೊಡುವವಳು ನಾನು. ಈ ಬಿಸಿಲಿನಲ್ಲಿ ಇಡೀ ದಿನ ದುಡಿದವರ ಅಂಗಿ ಇಷ್ಟು ಚಂದ ಹೇಗೆ ಉಳೀತದೆ ಅಂತ ಒಮ್ಮೆಯಾದ್ರೂ ಯೋಚಿಸಬೇಕಿತ್ತು ನಾನು. ಏಳು ತಿಂಗಳು ಬೋಜಣ್ಣ. ನಾನು ಒಗೆದೂ ಒಗೆದೂ…

…ಇಲ್ಲ, ಇಲ್ಲ. ಗೊತ್ತುಂಟು ಅಂತ ಹೇಳಿದೆನಲ್ಲ. ನೀವು ಎಂತ ತಪ್ಪೂ ಮಾಡಲಿಲ್ಲ. ನೀವು ಇಷ್ಟು ಮಾಡಿ, ಇನ್ನೊಮ್ಮೆ ಆ ಕಡೆ ಹೋದ್ರೆ ನಾನು ಕೇಳಿದೆ ಅಂತ ಹೇಳುವುದು ಬೇಡ. ಕೊಟ್ಟದ್ದು ತಿಂದು, ಹತ್ತು ನಿಮಿಷ ಕೂತು ಬನ್ನಿ… ಕೂತು ಬನ್ನಿ, ಆಯ್ತಾ? ಈಗ ಆ ಹುಡುಗಿಗೆ ಕೊಡಿ…

…ಮುಗೀತಮ್ಮಾ, ಈಗ ಆಗ್ತದೆ… ಬೇಡ. ಪೃಥ್ವಿಗೆ ಫೋನ್ ಮಾಡುವುದು ಬೇಡ… ಯಾಕೆಂದ್ರೆ ಬೇಡ, ಅಷ್ಟೆ. ಟಿವಿ ನನ್ನಿಂದ ಸರಿ ಮಾಡಿಸಲಿಕ್ಕಾಗ್ತದೆ. ನಿಮ್ಮ ಆ ಫೋನ್ ಇಲ್ಲಿ ಕೊಡಿ ನೋಡುವಾ. ಮಡಿಲಲ್ಲಿ ಬೇಡ, ನನ್ನ ಕೈಯಲ್ಲಿ ಕೊಡಿ…

…ಹಾಂ, ಗ್ಲೆನಿಟಾ. ನೋಡಿ, ಫಳ್ನೀರಿಗೆ ಹಾಕಿದ ದುಡ್ಡು ಅಲ್ಲೇ ಇರಲಿ. ತೆಗೆಯಬೇಡಿ… ಹೌದು, ಸರಿಯಾಗಿ ಯೋಚಿಸಿಯೇ ಹೇಳುವುದು. ಇಲ್ಲಿಗೆ ಹೊಸ ಬಾಕ್ಸ್ ಕಳಿಸಿ, ಸ್ವಂತದ್ದು. ಕನೆಕ್ಷನ್ ನನ್ನ ಹೆಸರಿಗೆ ಮಾಡಿ, ನಾನು ಈಗ ಮಾತಾಡ್ತಾ ಇರುವ ಈ ನಂಬರಿಗೇ. ಹಳೆಯ ಬಾಕ್ಸನ್ನು ಬೋಜಣ್ಣ ಬಂದಾಗ ಕೊಟ್ಟುಬಿಡ್ತೇನೆ. ಇಲ್ಲಿಯದ್ದು ಇನ್ನು ನಾನೇ ಕಟ್ಟುವುದು…

…ಅಲ್ಲಿಯದ್ದನ್ನೂ ಸ್ವಂತಕ್ಕೆ ಮಾಡುವುದಾ?… ಬೇಡ. ಅದು ಬಾಡಿಗೆಯಲ್ಲೇ ಇರಲಿ. ಅಲ್ಲಿ ಸ್ವಂತದ್ದು ಬೇಡ… ಇಲ್ಲ, ಅದರಲ್ಲಿ ಉಳಿತಾಯ ಉಂಟು ಅಂತ ಅರ್ಥ ಆಯ್ತು ನನಗೆ. ಆದರೂ ಬೇಡ. ಎಷ್ಟು ದಿನಕ್ಕೆ ಬೇಕಾಗ್ತದೋ ಅಷ್ಟು ದಿನ ಇರಲಿ…

…ಮೆಸೇಜಾ? ಯಾರಿಗೆ?… ನಾನು ಬೆಳಿಗ್ಗೆ ದೂರು ಕೊಟ್ಟದ್ದು ಅವರ ನಂಬರಿಗೆ ಹೋಗ್ತದಾ?… ಹೋಗಿ ಆಯ್ತಾ? ಈಗವಾ? ಎಂತ ಬರೆದಿರ್ತದೆ ಅದರಲ್ಲಿ?… ಜೆಪ್ಪು ಮನೆಯ ದೂರು ನೋಡ್ತಾ ಇದ್ದೇವೆ ಅಂತ. ಅಷ್ಟೇ ಅಲ್ವಾ? ಫಳ್ನೀರಿನ ಸುದ್ದಿ ಇಲ್ಲವಲ್ಲ ಅದರಲ್ಲಿ?… ಅಬ್ಬ. ಗ್ಲೆನಿಟಾ, ನೀವು ಆ ನಂಬರಿಗೆ ಫೋನ್ ಮಾಡಲೇಬೇಡಿ, ಆಯ್ತಾ? ಅವರು ಕೇಳಿದ್ರೂ ನಾವು ಎರಡನೆಯ ಬಾಕ್ಸಿನ ಮಾತೇ ಎತ್ತಲಿಲ್ಲ… ಹಾಂ. ಬುದ್ಧಿವಂತೆ ನೀವು. ಹೊಸಬರಾದ್ರೆ ಎಂತ…

…ನಿಲ್ಲಿ, ಮಧ್ಯದಲ್ಲಿ ಇನ್ನೊಂದು ಫೋನ್ ಬರ್ತಾ ಉಂಟು. ಇವರದ್ದೇ. ಇಡ್ತೇನೆ, ಬೋಜಣ್ಣನನ್ನು ಇವತ್ತೇ ಕಳಿಸಿ…

…

…ಹಲೋ. ಹಾಂ, ಹೇಳಿ… ಯಾರ ಹತ್ತಿರ? ಇಲ್ಲ, ಅಮ್ಮನ ಡಾಕ್ಟರಿನ ಕ್ಲಿನಿಕ್ಕಿಗೆ ಮಾಡಿದ್ದು, ಅದಕ್ಕೇ ಬ್ಯುಸಿ ಬಂದದ್ದು ನಿಮಗೆ… ಮೆಸೇಜಾ? ಹಾಂ, ಟಿವಿ ಹೋಗಿದೆ, ಬೆಳಿಗ್ಗೆ ನಾನೇ ದೂರು ಒತ್ತಿದ್ದು. ಮಾತಾಡಲಿಕ್ಕೆ ಯಾರು ಸಿಗ್ತಾರೆ ಅಲ್ಲಿ, ಒಂದು ಒತ್ತಿ, ಎರಡು ಒತ್ತಿ ಅಂತ ಮಷೀನು ಹೇಳ್ತದೆ, ಅಷ್ಟೆ…

…ಇಲ್ಲ, ಇಲ್ಲ, ನೀವು ಆಫೀಸಿಗೆ ಹೋಗುವುದು ಬೇಡ. ಬಾಕ್ಸ್ ಹಳೆಯದಾಗಿದೆ ಅಂತ ಕಾಣ್ತದೆ. ಹೊಸದು ತೆಗೆದುಕೊಳ್ಳುವಾ ಅಂತ ಅಮ್ಮನೇ ಹೇಳಿದ್ರು, ಅವರ ಟಿವಿ, ಅವರೇ ಕೊಡ್ಲಿ. ನಿಮಗೆ ಇರುವ ಕೆಲಸವೇ ಸಾಕಷ್ಟು…

…ಊಟ ಆಯ್ತಾ?… ಹಾಂ… ಹೋಟೆಲಿನಲ್ಲಿ ರಶ್ಶಾ?… ಇವತ್ತು ಸ್ವಲ್ಪ ಕಮ್ಮಿ. ಹಾಂ, ಸೆಕೆಗೆ ಯಾರು ಬರ್ತಾರೆ…

…ಬಂಗುಡೆ ಸಿಕ್ಕಿದೆ, ದೊಡ್ಡ ದೊಡ್ಡದು. ನಾಳೆ ಬುತ್ತಿಗೆ ಹುಳಿ-ಖಾರದ ಪುಳಿಮುಂಚಿ ಇಡ್ತೇನೆ. ಸ್ವಲ್ಪ ಜಾಸ್ತಿಯೇ ಇಡ್ತೇನೆ… ಯಾಕೆಂದ್ರೆ, ಯಾರಾದ್ರೂ ಬರ್ತಾರಲ್ಲ ನಿಮ್ಮಲ್ಲಿಗೆ. ಬಂದವರಿಗೆ ಕೊಡಲಿಕ್ಕೆ ಇರಲಿ ಅಂತ…

…ಹಿಂದೆ ಎಂತ ಶಬ್ದ ಅದು, ಜನ ಕೂಗುವುದು?… ಹೋಟೆಲಿನ ಟಿವಿ. ಹಾಂ, ಮ್ಯಾಚ್ ಉಂಟು ಅಲ್ವಾ ಇವತ್ತು…

…ಯಾಕೆ, ಬಂದ್ ಮಾಡಿದ್ರಾ?… ಕೇಳ್ತಾ ಇತ್ತು ನನಗೆ ನಿಮ್ಮ ಮಾತು, ತೊಂದರೆ ಇರಲಿಲ್ಲ. ಪುನಃ ಹಾಕಿ… ಹಾಕಿ ಅಂದೆ. ನೋಡ್ತಾ ಕೂತವರಿಗೆ ಮಧ್ಯದಲ್ಲಿ ಹೋದ್ರೆ ಬೇಜಾರಾಗ್ತದೆ… ಹಾಂ, ಈಗ ಬಂತು. ಇರಲಿ ಅದು…

…ಏಳು ಗಂಟೆಗೆ ಚಾ ಇಟ್ಟಿರ್ತೇನೆ. ಬೇಗ ಬಂದ್ರೂ ಆಗ್ತದೆ… ಅಲ್ಲ, ಸುಮ್ಮನೆ ಹೇಳಿದ್ದು. ಯಾವಾಗ ಬಂದ್ರೂ… ಹಲೋ? ಕೇಳ್ತಾ ಉಂಟಾ? ಯಾವಾಗ ಬಂದ್ರೂ ಆಗ್ತದೆ ಅಂದೆ… ಹಲೋ… ಹಲೋ…