ಭರಮಮ್ಮನ ದನಿ ನುಂಗಿದ ಮಷಿನ್

ಆ ಬಾಗಿಲು ಸ್ವಲ್ಪ ಮುಂದೆ ತಳ್ಳಿ, ಹೇಳುತ್ತೇನೆ. ಇದು ಯಾರದೋ ಬಾಯಿಂದ ಯಾರದೋ ಕಿವಿಗೆ ಬಂದದ್ದಲ್ಲ... ನಮ್ಮ ದೊಡ್ಡಪ್ಪನ ಮಗ ಹುಲುಗೇಶನಿಗೆ ಆದದ್ದು. ಎರಡು ಸಾವಿರದ ಎರಡನೇ ಇಸವಿ, ಕೊಟ್ಟೂರಲ್ಲಿ. ಕೊನೆಯ ಹೊತ್ತಿಗೆ ನಾನೂ ಅಲ್ಲಿದ್ದೆ. ಅದು ಆಮೇಲೆ.

ಹುಲುಗೇಶ ಕಂಪ್ಯೂಟರ್ ಅಂಗಡಿಗೆ ಬೀಗ ಹಾಕಿ ಮನೆ ಕಡೆ ಹೊರಟಾಗ ರಾತ್ರಿ ಹನ್ನೊಂದು ದಾಟಿತ್ತು. ರೈಲು ಹಳಿ ದಾಟಿದರೆ ಹಳೇ ಬಾವಿ, ಬಾವಿಗೆ ಹೊಂದಿ ಆಲದಮರ, ಅದರಾಚೆ ನಮ್ಮ ಓಣಿ. ಊರಿಗೆಲ್ಲ ಕರೆಂಟ್ ಹೋಗಿತ್ತು. ಸೈಕಲ್ ಪಂಚರ್ ಆಗಿದ್ದರಿಂದ ತಳ್ಳಿಕೊಂಡು ಬರುತ್ತಿದ್ದ. ಚೈನು ಕಿರಕ್... ಕಿರಕ್... ಅನ್ನುತ್ತಿತ್ತು. ಬಾವಿ ಹತ್ತಿರ ಬಂದಾಗ ಇನ್ನೊಂದು ಸದ್ದು ಸೇರಿತು. ಗರ್ರ... ಗರ್ರ... ಗರ್ರ...

ನಿಂತ. ಚೈನಿನ ಸದ್ದು ನಿಂತಿತು. ಇದು ನಿಲ್ಲಲಿಲ್ಲ.

ಕಲ್ಲಿಗೆ ಕಲ್ಲು ತೀಡುವ ಸದ್ದು. ಬೀಸುಕಲ್ಲಿನದು. ನಸುಕಿಗೆ ಅದನ್ನು ಕೇಳುತ್ತಲೇ ಬೆಳೆದವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ತೀರಾ ಜೋರು. ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವೆ ಉಸಿರು ಬಿಡುವಷ್ಟೂ ತೆರಪಿಲ್ಲ. ಯಾವ ಹೆಣ್ಣುಮಗಳೂ ಹಾಗೆ ಬೀಸುವುದಿಲ್ಲ.

ನಮ್ಮ ಓಣಿಯಲ್ಲಿ ಬೀಸುಕಲ್ಲನ್ನು ತಿಪ್ಪೆಗೆ ಎಸೆಯುವುದಿಲ್ಲ. ಅನ್ನ ಕೊಟ್ಟ ಕಲ್ಲು. ಬೀಸುವಾಕೆ ತೀರಿಕೊಂಡು ಮನೆಯಲ್ಲಿ ಬೇರೆ ಬೀಸುವವರಿಲ್ಲ ಅಂದರೆ, ಅರಿಷಿಣ ಹಚ್ಚಿ ಆ ಆಲದ ಬುಡಕ್ಕೆ ಇಟ್ಟು ಬರುತ್ತಾರೆ. ಹದಿನೈದು ದಿನದ ಹಿಂದೆ ಅಲ್ಲಿಗೆ ಒಂದು ಕಲ್ಲು ಬಂದಿತ್ತು. ಭರಮಮ್ಮಜ್ಜಿಯದು.

ಹುಲುಗೇಶ ಸೈಕಲ್ ಅಲ್ಲೇ ಒಗೆದು ಓಡಿದ. ದೆವ್ವ ಅಂದರೆ ಯಾರಾದರೂ ಓಡುತ್ತಾರೆ ಅನ್ನಬೇಡಿ. ಅವನು ಹೆದರಿಕೆಗಿಂತ ಹೆಚ್ಚು ನಾಚಿಕೆಗೆ ಓಡಿದ. ಅದು ತಿಳಿಯಬೇಕಾದರೆ ನಾಲ್ಕು ತಿಂಗಳು ಹಿಂದಕ್ಕೆ ಹೋಗಬೇಕು.

ಅಂಗಡಿ ಬೊಮ್ಮಪ್ಪನದು. ಲಗ್ನಪತ್ರಿಕೆ, ಅರ್ಜಿ ಟೈಪು, ಹೊಸದಾಗಿ ಸೀಡಿ ಬರೆದುಕೊಡುವುದು. ಇದ್ದದ್ದು ಒಂದೇ ಕಂಪ್ಯೂಟರ್, ಅದೂ ಸೆಕೆಂಡ್‌ಹ್ಯಾಂಡ್. ನಡೆಸುವವನು ಹುಲುಗೇಶ. ಬೊಮ್ಮಪ್ಪ ಕೆಲಸಕ್ಕೆ ಇಟ್ಟುಕೊಳ್ಳುವಾಗ ಒಂದೇ ಮಾತು ಹೇಳಿದ್ದ: "ಕಂಪ್ಯೂಟರ್ ಡಬ್ಬಿ ಬಿಚ್ಚಿದಿ ಅಂದ್ರ ಅವತ್ತ ಕೆಲಸ ಬಿಟ್ಟಂಗ ನೋಡಲೇ."

ಬೇಡ ಅಂದದ್ದನ್ನೇ ಮಾಡುವ ಕೈ ನಮ್ಮವನದು. ಪ್ರೊಸೆಸರನ್ನು ಅದರ ಮೇಲೆ ಬರೆದ ವೇಗಕ್ಕಿಂತ ಜೋರು ಓಡಿಸಬಹುದು ಅಂತ ದಾವಣಗೆರೆಯ ಗೆಳೆಯನೊಬ್ಬ ತಲೆಗೆ ಹುಳ ಬಿಟ್ಟಿದ್ದ. ಓವರ್‌ಕ್ಲಾಕಿಂಗ್ ಅಂತ ಅದರ ಹೆಸರು. ಒಂದು ಮಧ್ಯಾಹ್ನ ಹುಲುಗೇಶ ಬಾಗಿಲು ಹಾಕಿಕೊಂಡು ಡಬ್ಬಿ ಬಿಚ್ಚಿದ. ಒಳಗಿನ ಬೋರ್ಡಿನ ಮೇಲೆ ವೇಗ ಗೊತ್ತುಮಾಡುವ ಜಂಪರ್ ಅನ್ನುವ ಪುಟ್ಟ ಟೊಪ್ಪಿಗೆಯನ್ನು ಅರವತ್ತಾರು ಮೆಗಾಹರ್ಟ್ಸ್‌ನ ಕಡ್ಡಿಗಳಿಂದ ಕಿತ್ತು ನೂರರ ಕಡ್ಡಿಗಳಿಗೆ ಹಾಕಿದ. ಮುನ್ನೂರರ ಪ್ರೊಸೆಸರ್ ನಾನೂರೈವತ್ತಕ್ಕೆ ಓಡಿತು! ಡಬ್ಬಿ ಕಾದರೆ ಕಾಯಲಿ ಅಂತ ಪಕ್ಕಕ್ಕೆ ಟೇಬಲ್ ಫ್ಯಾನ್ ಇಟ್ಟ. ಸೆಕೆಗೆ ಅಂತ ಬೊಮ್ಮಪ್ಪ ತಿಳಿದುಕೊಂಡ.

ಪ್ರೊಸೆಸರ್ ಹೇಗೋ ತಡೆಯಿತು. ತಡೆಯದ್ದು ರ‍್ಯಾಮು. ಕಂಪ್ಯೂಟರ್ ಮಾಡುತ್ತಿರುವ ಕೆಲಸವನ್ನೆಲ್ಲ ಉಡಿಯಲ್ಲಿ ಕಟ್ಟಿಕೊಂಡಿರುವುದು ಆ ರ‍್ಯಾಮಿನ ಪಟ್ಟಿ. ಅರವತ್ತಾರಕ್ಕೆ ಅಂತ ಮಾಡಿದ ಹಳೇ ಪಟ್ಟಿ ಅದು. ನೂರಕ್ಕೆ ಓಡಿಸಿದರೆ ಉಡಿಯಲ್ಲಿದ್ದದ್ದನ್ನು ದಾರಿ ತುಂಬ ಚೆಲ್ಲುತ್ತ ಹೋಗುತ್ತದೆ. ಎರಡು ಲಗ್ನಪತ್ರಿಕೆಯ ಅಕ್ಷರ ಕಲಸಿಹೋದವು. ಹುಲುಗೇಶನಿಗೆ ಗೊತ್ತಾಯಿತು. ಆದರೂ ತಪ್ಪನ್ನು ಕರೆಂಟಿನ ಮೇಲೆ ಹಾಕಿದ. ಓಟದ ರುಚಿ ಹತ್ತಿತ್ತು.

ಆಗಲೇ ಭರಮಮ್ಮಜ್ಜಿ ಬಂದದ್ದು. ಹೊಳಲು ಊರಿಗೆ ಕೊಟ್ಟಿದ್ದ ಮಗಳು ನಾಗಲಿಂಗಮ್ಮ ಕರೆದುಕೊಂಡು ಬಂದಿದ್ದಳು.

"ಅವ್ವನ ಬೀಸೋ ಹಾಡು ಒಂದು ಸೀಡಿ ಮಾಡಿಕೊಡಪಾ ಹುಲುಗಾ. ಅಲ್ಲಿ ಕೇಳ್ಕೊಂತ ಇರ್ತೀನಿ," ಅಂದು ಮಗಳು ಸಂಜೆ ಬಸ್ಸಿಗೆ ಹೋದಳು.

ಅಜ್ಜಿ ಎರಡು ಮಧ್ಯಾಹ್ನ ಮೈಕಿನ ಮುಂದೆ ಕೂತು ಹಾಡಿದಳು. ಕಲ್ಲಿಲ್ಲದೆ ಹಾಡು ಬಾರದು ಅಂತ ಬಲಗೈಯನ್ನು ಗಾಳಿಯಲ್ಲೇ ತಿರುವುತ್ತಿದ್ದಳು. "ಅವಸರ ಬ್ಯಾಡ ನನ ಕಲ್ಲವ್ವ, ಮೂಡಲ ಇನ್ನೂ ಕೆಂಪಾಗಿಲ್ಲ..." ದನಿ ಗಟ್ಟಿಯಾಗಿತ್ತು. ರಸ್ತೆಯಲ್ಲಿ ಹೋಗುವವರು ನಿಂತು ಕೇಳಿದರು.

ನಡುವೆ ಅಜ್ಜಿ ಡಬ್ಬಿ ಮುಟ್ಟಿ ಕೈ ಎಳೆದುಕೊಂಡಳು. "ಯಪ್ಪಾ, ಇದ್ಯಾಕ ಹಿಂಗ ಸುಡತೈತಿ?"

"ಜೋರು ಓಡತೈತಿ ಅಜ್ಜಿ."

"ಕಲ್ಲೂ ಹಂಗ ನೋಡು. ಜೋರು ತಿರುವಿದ್ರ ಹಿಟ್ಟು ಸುಡತೈತಿ, ತರಿತರಿ ಬರತೈತಿ. ಗತಿ ಮೀರಬಾರ್ದಪಾ."

ಮೊದಲ ದಿನದ ಹಾಡು ತೆಗೆದು ಕೇಳಿದರೆ ನಾಲ್ಕು ಮಾತು ಬಂದು, ಚರ್‍ರ್... ಟಕ್... ಚರ್‍ರ್... ಎರಡನೇ ದಿನದ್ದೂ ಅಷ್ಟೇ. ಕೊನೆಗೆ ಪರದೆ ಕಪ್ಪಾಗಿ ಡಬ್ಬಿಯೊಳಗಿಂದ ಪೀಂ... ಪೀಂ... ಪೀಂ... ಅಂತ ಕೂಗಿತು. ಯಾಕೆ ಅಂತ ಹುಲುಗೇಶನಿಗೆ ಚೆನ್ನಾಗಿ ಗೊತ್ತು. ಜಂಪರನ್ನು ಮೊದಲಿನ ಜಾಗಕ್ಕೆ ಹಾಕಿದ್ದರೆ ಐದು ನಿಮಿಷದ ಕೆಲಸ. ಆದರೆ ಬೊಮ್ಮಪ್ಪ ಬಂದು ಬಾಗಿಲಲ್ಲೇ ನಿಂತಿದ್ದ. "ಏನಾತಲೇ ಮಷಿನ್‌ಗೆ?"

"ಮಷಿನ್ ಛಲೋ ಐತ್ರಿ," ಅಂದ ಹುಲುಗೇಶ. ಆಮೇಲೆ ಅಜ್ಜಿಯ ಕಡೆ ತಿರುಗಿದ. "ಅಜ್ಜಿ... ನಿನ್ನ ದನೀನ ಒಡದೈತಿ. ಅದಕ್ಕ ಹಿಡೀವಲ್ದು."

ಅಜ್ಜಿ ಸೆರಗನ್ನು ಬಾಯಿಗೆ ಇಟ್ಟುಕೊಂಡಳು. "ಹೌದೇನಪಾ... ನನಗ ಗೊತ್ತಾಗಿದ್ದಿಲ್ಲ ನೋಡು. ನಿನ್ನ ಎರಡು ದಿನ ಕೆಡಿಸಿದೆ."

ಅವತ್ತಿನಿಂದ ಭರಮಮ್ಮಜ್ಜಿ ಹಾಡಲಿಲ್ಲ. ಮದುವೆ ಮನೆಯಲ್ಲಿ ಸೋಬಾನೆಗೆ ಕೈ ಹಿಡಿದು ಎಳೆದರೆ, "ಒಲ್ಲೆರವ್ವಾ, ನನ್ನ ದನಿ ಒಡದೈತಂತ. ಕಂಪ್ಯೂಟರ್‌ದಾಗ ನೋಡಿ ಹೇಳ್ಯಾರ," ಅನ್ನುತ್ತಿದ್ದಳು. ಓಣಿ ನಂಬಿತು. ಹಾಳಾದ್ದು, ಆಗ ಕಂಪ್ಯೂಟರ್ ಹೇಳಿತು ಅಂದರೆ ಮುಗಿಯಿತು, ಅದರ ಮುಂದೆ ದೇವರ ಹೂವಿನ ಪ್ರಸಾದಕ್ಕೂ ಬೆಲೆ ಇರಲಿಲ್ಲ! ನಸುಕಿಗೆ ಅಜ್ಜಿಯ ಮನೆಯಿಂದ ಬರೀ ಕಲ್ಲಿನ ಸದ್ದು ಬರುತ್ತಿತ್ತು. ಹಾಡಿಲ್ಲದ ಸದ್ದು. ಹುಲುಗೇಶ ಕೌದಿಯನ್ನು ತಲೆ ಮೇಲೆ ಎಳೆದುಕೊಳ್ಳುತ್ತಿದ್ದ. ಇವತ್ತು ಹೇಳಿಬಿಡುತ್ತೇನೆ ಅಂದುಕೊಳ್ಳುವನು, ನಾಳೆ ಅನ್ನುವನು. ಆಷಾಢದಲ್ಲಿ ಅಜ್ಜಿ ತೀರಿಕೊಂಡಳು. ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ. ಆ ಹೆಗಲಿಗೆ ನಾಚಿಕೆ ಆಗಲಿಲ್ಲವೇನೋ ಅಂತ ನಾನೇ ಕೇಳಿದ್ದೇನೆ. ಆಗಿತ್ತಂತೆ.

ಈಗ ಬಾವಿಗೆ ಬನ್ನಿ. ಮರುದಿನ ರಾತ್ರಿ. ಮನೆಗೆ ಬೇರೆ ದಾರಿ ಇಲ್ಲ. ಹುಲುಗೇಶ ಹಲ್ಲು ಕಚ್ಚಿಕೊಂಡು ಬಂದ. ಗರ್ರ... ಗರ್ರ... ಗರ್ರ... ಅದರ ಮೇಲೆ ಒಂದು ಹಾಡು. ಟೇಪನ್ನು ಜೋರು ಓಡಿಸಿದರೆ ಬರುತ್ತದಲ್ಲ, ಹಾಗೆ ಚಿಂವ್‌ಚಿಂವ್ ಅನ್ನುವ ದನಿ. ಒಂದು ಮಾತೂ ತಿಳಿಯಲಿಲ್ಲ. ಧಾಟಿ ಮಾತ್ರ ತಿಳಿಯಿತು...

ಕಲ್ಲು ನಿಂತಿತು.

"ಹುಲುಗಾ..."

ಅವನು ಆಲದ ಬುಡದ ಕಡೆ ತಿರುಗಿದ.

"ನನ್ನ ದನಿ... ಒಡದಿತ್ತೇನಪಾ?"

ನೋಡಿ, ಸತ್ತವಳು ಬಂದು ಕೇಳುತ್ತಿದ್ದಾಳೆ. ಬೊಮ್ಮಪ್ಪ ಇಲ್ಲ, ನರಪಿಳ್ಳೆ ಇಲ್ಲ. ನಿಜ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಯಾವುದು? ಆದರೆ ಸುಳ್ಳಿಗೂ ಅಭ್ಯಾಸ ಅಂತ ಇರುತ್ತದೆ.

"ಹೂಂ ಅಜ್ಜಿ," ಅಂದುಬಿಟ್ಟ.

ಕಲ್ಲು ತಿರುಗತೊಡಗಿತು. ಮೊದಲಿಗಿಂತ ಜೋರಾಗಿ.

ಹುಲುಗೇಶ ಮನೆಗೆ ಓಡಲಿಲ್ಲ, ಅಂಗಡಿಗೆ ಓಡಿದ. ಎಲ್ಲದಕ್ಕೂ ಆ ಜಂಪರೇ ಮೂಲ, ಅದನ್ನು ತೆಗೆದರೆ ಅಜ್ಜಿ ಸುಮ್ಮನಾಗುತ್ತಾಳೆ ಅಂತ ಅವನ ಲೆಕ್ಕ. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಡಬ್ಬಿ ಬಿಚ್ಚಿದ. ಅರವತ್ತಾರಕ್ಕೆ ಹಾಕಿದ. ಬೆರಳಿಗೆ ಏನೋ ಪುಡಿ ಹತ್ತಿತು. ತರಿತರಿ, ಬಿಸಿಬಿಸಿ. ಗೋಡೆಯ ಸುಣ್ಣ ಅಂದುಕೊಂಡು ಊದಿದ. ಆಗ ಕಂಡಿತು. ಊರಲ್ಲಿ ಕರೆಂಟ್ ಇರಲಿಲ್ಲ. ವೈರನ್ನು ಅವನೇ ಕಿತ್ತಿದ್ದ. ಪ್ರೊಸೆಸರಿನ ಮೇಲಿನ ಪುಟ್ಟ ಫ್ಯಾನು ತಿರುಗುತ್ತಿತ್ತು... ಗರ್ರ... ಗರ್ರ... ಗರ್ರ...

ಬೆಳಗಿನ ಮೊದಲ ಬಸ್ಸಿಗೆ ಹೊಳಲಿಗೆ ಹೋದ. ನಾಗಲಿಂಗಮ್ಮ ಅಂಗಳ ಗುಡಿಸುತ್ತಿದ್ದಳು. ನಿಂತ ಕಾಲ ಮೇಲೆ ಎಲ್ಲ ಹೇಳಿದ.

"ಅಕ್ಕಾ, ದನಿ ಒಡದಿದ್ದಿಲ್ಲ. ಮಷಿನ್ ಕೆಡಿಸಿದಾವ ನಾನು."

ನಾಗಲಿಂಗಮ್ಮನ ಕೈಯಲ್ಲಿ ಕಸಬರಿಗೆ ಹಾಗೇ ನಿಂತಿತು. "ಅವ್ವ ಸಾಯೋ ಮುಂದ ನನ್ನ ಮಗಳು ಹಾಡಜ್ಜಿ, ಹಾಡಜ್ಜಿ ಅಂತು. ಬಾಯಿ ಮುಚ್ಚಿಕೊಂಡ್ಲು ನಮ್ಮವ್ವ. ನಾಚಿಕಿ ಅಂತ."

"ತಪ್ಪಾತಕ್ಕಾ."

"ನನಗ್ಯಾಕ ಹೇಳ್ತಿ? ಯಾರು ನಂಬ್ಯಾರ, ಅವರಿಗೆ ಹೇಳ ನಡಿ."

ಮಧ್ಯಾಹ್ನ ಇಬ್ಬರೂ ಬಾವಿ ಹತ್ತಿರ ಇಳಿದು ಬಂದರು. ಓಣಿಯ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ನಾನು ಆಗ ಅಲ್ಲಿದ್ದೆ. ಹುಲುಗೇಶ ಆ ಕಲ್ಲಿನ ಮುಂದೆ ತಲೆ ತಗ್ಗಿಸಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಬಟ್ಟೆ ಒಗೆಯುವ ಸದ್ದು ನಿಂತಿತು, ಅಷ್ಟೇ.

"ಆ ಮಷಿನ್ ತೋರ್ಸು," ಅಂದಳು ನಾಗಲಿಂಗಮ್ಮ.

ಅಂಗಡಿಯಲ್ಲಿ ಬೊಮ್ಮಪ್ಪನ ಎದುರಿಗೇ ಹುಲುಗೇಶ ಎಲ್ಲ ಒಪ್ಪಿಕೊಂಡ. ಕೆಲಸ ಅವತ್ತೇ ಹೋಯಿತು, ಆ ಮಾತು ಬೇರೆ. ಡಬ್ಬಿ ಬಿಚ್ಚು ಅಂದಳು ನಾಗಲಿಂಗಮ್ಮ. ಅವನು ಹಿಂದೆ ಸರಿದ. ಸ್ಕ್ರೂಡ್ರೈವರ್ ಇಸಿದುಕೊಂಡು ಬಿಚ್ಚಿದವನು ನಾನು.

ಒಳಗೆ, ರ‍್ಯಾಮಿನ ಪಟ್ಟಿಯ ಬುಡದಲ್ಲಿ, ಒಂದು ಹಿಡಿಯಷ್ಟು ಹಿಟ್ಟು ಬಿದ್ದಿತ್ತು. ನಾಗಲಿಂಗಮ್ಮ ಎರಡು ಬೆರಳಲ್ಲಿ ತಿಕ್ಕಿ ನೋಡಿದಳು. ನಾಲಿಗೆಗೆ ಇಟ್ಟುಕೊಂಡಳು.

"ಅವ್ವ ಬೀಸಿದ್ದು," ಅಂದಳು.

ಅಷ್ಟನ್ನೂ ಬಳಿದು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಸ್ ಸ್ಟ್ಯಾಂಡ್ ಕಡೆ ಹೋದಳು. ಹುಲುಗೇಶನ ಮುಖ ನೋಡಲಿಲ್ಲ. ಇವತ್ತಿಗೂ ನೋಡುವುದಿಲ್ಲ.

ನೀವು ಏನಾದರೂ ಅನ್ನಿ. ಡಬ್ಬಿ ಬಿಚ್ಚಿದಾಗ ನನ್ನ ಈ ಬೆರಳಿಗೂ ಹತ್ತಿತ್ತು. ಜೋಳದ ಹಿಟ್ಟು, ಗತಿ ಮೀರದೆ ಬೀಸಿದ್ದು. ನುಣ್ಣಗಿತ್ತು... ತಣ್ಣಗಿತ್ತು.