ಹತ್ತು ಡಾಲರೋ ಮೂರು ಡಾಲರೋ

ಟೈಲರಮ್ಮ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆನ್ನೆ ಹಿಡಿದುಕೊಂಡು ಸರದಿ ಕಾಯುತ್ತಿದ್ದಳು. ಪಕ್ಕದ ಬೆಂಚಿನಲ್ಲಿ ಅಣ್ಣ ತಂಗಿ ಕೂತಿದ್ದರು. ಅಣ್ಣನ ದವಡೆ ಊದಿತ್ತು. ತಂಗಿಯ ತೊಡೆಯ ಮೇಲೆ ಲ್ಯಾಪ್‌ಟಾಪ್ ಇತ್ತು. ಇಬ್ಬರೂ ಸೇರಿ ಮಾಡಿದ ಕಂಪ್ಯೂಟರ್ ಆಟ ಅವತ್ತು ಮಧ್ಯಾಹ್ನವೇ ಮಾರಾಟಕ್ಕೆ ಬರುವುದಿತ್ತೆಂದು ಅವರ ಮಾತಿನಿಂದಲೇ ಅವಳಿಗೆ ತಿಳಿಯಿತು.

“ಹತ್ತು ಡಾಲರ್ ಅಂದ್ರೆ ಎಲ್ಲಾ ದೇಶಕ್ಕೂ ಹತ್ತೇ. ಇವತ್ತಿನ ರೇಟಲ್ಲಿ ಅವರವರ ದುಡ್ಡಿಗೆ ಲೆಕ್ಕ ಹಾಕ್ಬಿಡು,” ಎಂದ ಅಣ್ಣ.

“ಕೆಲವು ದೇಶದಲ್ಲಿ ಅದು ಎರಡು ದಿನದ ಕೂಲಿ ಕಣೋ. ಅಂಥವರಿಗೆ ಮೂರು ಡಾಲರಷ್ಟು ಇಡೋಣ.”

“ಮೂರು ವರ್ಷ ಜೀವ ತೇಯ್ದು ಮಾಡಿದ್ದು, ಬಿಟ್ಟಿ ಹಂಚೋಕಾ?”

“ಇನ್ನೊಂದು ಕಾಪಿ ಕೊಟ್ರೆ ನಮ್ಮ ಗಂಟೇನು ಹೋಗುತ್ತೆ?”

“ದುಡ್ಡಿರೋ ದೇಶದವರೇ ಬಡ ದೇಶದವರ ವೇಷ ಹಾಕಿ ಅಗ್ಗಕ್ಕೆ ಕೊಂಡ್ರೆ?”

“ದುಡ್ಡು ಕಟ್ಟೋ ಕಾರ್ಡ್ ಯಾವ ದೇಶದ್ದು ಅಂತ ಆಟ ಮಾರೋ ವೆಬ್‌ಸೈಟಿನವರೇ ನೋಡ್ತಾರೆ. ಒಬ್ಬಿಬ್ಬರು ನುಸುಳಿದ್ರೆ ನುಸುಳಲಿ.”

ಅಣ್ಣ ಪಟ್ಟು ಬಿಡಲಿಲ್ಲ. “ನಮ್ಮ ಹಿಂದಿನ ಆಟ ಆ ದೇಶಗಳಲ್ಲಿ ಎಷ್ಟು ಹೋಯ್ತು ಹೇಳು? ಹನ್ನೊಂದು! ಅವರಿಗೆ ಆಟವೇ ಬೇಕಾಗಿಲ್ಲ.”

“ಕೊಂಡವರು ಹನ್ನೊಂದು ಜನ. ಬೆಲೆ ಇಳಿಸಿ, ನಾವೂ ಆಡ್ತೀವಿ ಅಂತ ಬರೆದವರು ಇನ್ನೂರು ಜನ.”

“ಇನ್ನೂರಾ? ನಂಗೆ ಹೇಳಲೇ ಇಲ್ವಲ್ಲ!”

“ಹೇಳಿದ್ದೆ. ನೀನು ಡಾಲರ್ ರೇಟ್ ನೋಡ್ತಾ ಕೂತಿದ್ದೆ.”

ಟೈಲರಮ್ಮನಿಗೆ ನಗು ಬಂತು. ನಕ್ಕರೆ ಹಲ್ಲು ಜುಮ್ಮೆನ್ನುತ್ತದೆಂದು ತಡೆದುಕೊಂಡಳು.

ಒಳಗಿನಿಂದ ನರ್ಸ್ ಕರೆದಳು. ಅಣ್ಣ ಎದ್ದು ಹೋಗಿ ಬಾಗಿಲ ಬಳಿ ತಿರುಗಿ ನಿಂತ.

“ಸರಿ, ಮೂರೇ ಹಾಕು. ಒಳಗೆ ಹೋದ್ಮೇಲೆ ನಂಗೆ ಮಾತಾಡೋಕಾಗಲ್ಲ.”

“ಬೆಳಿಗ್ಗೆನೇ ಹಾಕಾಯ್ತು, ನಡಿ,” ಎಂದು ತಂಗಿ ಲ್ಯಾಪ್‌ಟಾಪ್ ಮುಚ್ಚಿ ಅವನ ಬೆನ್ನಿಗೇ ಒಳಗೆ ಹೋದಳು.